ಉಗುರಿನ ಕೆಳಗಿನ ಕಪ್ಪು ಕಲೆ: ಗಾಯಕ ಬಾಬ್ ಮಾರ್ಲಿಯವರ ಜೀವನ ಮತ್ತು ಚರ್ಮದ ಕ್ಯಾನ್ಸರ್‌ನ ಅಪರಿಚಿತ ಲಕ್ಷಣಗಳು

ಜಮೈಕಾ ದೇಶದ ವಿಶ್ವವಿಖ್ಯಾತ ಗಾಯಕ ಬಾಬ್ ಮಾರ್ಲಿಯವರು 1981ರ ಮೇ 11ರಂದು, ತಮ್ಮ 36ನೆಯ ವಯಸ್ಸಿನಲ್ಲಿ, ಅಮೆರಿಕದ ಮಯಾಮಿ ನಗರದ ಆಸ್ಪತ್ರೆಯೊಂದರಲ್ಲಿ ನಿಧನರಾದರು. ಅವರ ಮರಣಕ್ಕೆ ಕಾರಣವಾದುದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ಅದು ಕಾಣಿಸಿಕೊಂಡುದು ಬಲಗಾಲಿನ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ. ಚರ್ಮದ ಕ್ಯಾನ್ಸರ್ ಬಿಳಿಯ ಮೈಬಣ್ಣದವರಿಗೆ ಮಾತ್ರ, ಅದೂ ಬಿಸಿಲಿನಿಂದ ಬರುವ ಕಾಯಿಲೆ ಎಂಬ ಭಾವನೆ ನಮ್ಮ ಜನರಲ್ಲಿ ವ್ಯಾಪಕವಾಗಿದೆ. ಕಂದು ಮೈಬಣ್ಣದ, ಬಿಸಿಲಿನ ನಾಡಿನಲ್ಲಿಯೇ ಬೆಳೆದ ಮಾರ್ಲಿಯವರಿಗೆ ಈ ಕಾಯಿಲೆ ಬಿಸಿಲು ಅಷ್ಟಾಗಿ ತಾಕದ ಜಾಗದಲ್ಲಿ ಬಂದಿತು. ಈ ಕಾರಣದಿಂದ ಅವರ ಜೀವನವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಬೆಂಗಳೂರಿನ ಜನರಿಗೆ ಜಮೈಕಾ ಪರಿಚಿತವಾಗಿರುವುದು ಮುಖ್ಯವಾಗಿ ಕ್ರಿಕೆಟ್‌ನಿಂದ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2013ರಲ್ಲಿ ಔಟಾಗದೆ 175 ರನ್ ಗಳಿಸಿದ ಕ್ರಿಸ್ ಗೇಲ್ ಆ ದೇಶದ ರಾಜಧಾನಿ ಕಿಂಗ್‌ಸ್ಟನ್‌ನವರು. ಆದರೆ ಆ ದ್ವೀಪದೊಡನೆ ಭಾರತದ ನಂಟು ಇನ್ನೂ ಹಳೆಯದು. ಕಬ್ಬಿನ ತೋಟಗಳ ಕೂಲಿಗಾಗಿ ಭಾರತೀಯರನ್ನು ಹೊತ್ತ ಮೊದಲ ಹಡಗು 1845ರಲ್ಲಿ ಅಲ್ಲಿಗೆ ತಲುಪಿತ್ತು. ಅದಾಗಿ ನೂರು ವರ್ಷಗಳ ನಂತರ, 1945ರ ಫೆಬ್ರವರಿ 6ರಂದು, ಸೇಂಟ್ ಆ್ಯನ್ ಪ್ರಾಂತದ ನೈನ್ ಮೈಲ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ರಾಬರ್ಟ್ ನೆಸ್ಟಾ ಮಾರ್ಲಿಯವರು ಜನಿಸಿದರು. ತಾಯಿ ಸೆಡೆಲ್ಲಾ ಹದಿಹರೆಯದ ಕಪ್ಪುವರ್ಣೀಯ ಹೆಣ್ಣುಮಗಳು. ತಂದೆ ನಾರ್ವಲ್ ಮಾರ್ಲಿ ವಯಸ್ಸಿನಲ್ಲಿ ಬಹಳ ಹಿರಿಯರಾದ ಬಿಳಿಯರು. ತಂದೆಯ ಆಸರೆ ಮಗನಿಗೆ ದೊರೆಯಲಿಲ್ಲ. ಮಗನಿಗೆ ಹತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು.

ತಾಯಿ ಜೀವನೋಪಾಯಕ್ಕಾಗಿ ಮಗನೊಂದಿಗೆ ಕಿಂಗ್‌ಸ್ಟನ್ ನಗರದ ಟ್ರೆಂಚ್‌ಟೌನ್ ಎಂಬ ಬಡವರ ಬಡಾವಣೆಗೆ ಬಂದು ನೆಲೆಸಿದರು. ಮಾರ್ಲಿಯವರು ಹದಿನಾಲ್ಕರ ಆಸುಪಾಸಿನಲ್ಲಿ ಶಾಲೆ ಬಿಟ್ಟು ವೆಲ್ಡಿಂಗ್ ಕೆಲಸ ಕಲಿಯಲು ಸೇರಿದರು. ಒಂದು ದಿನ ಲೋಹದ ಚೂರೊಂದು ಕಣ್ಣಿಗೆ ಸಿಡಿಯಿತು. ಆ ನೋವಿನ ನಂತರ ಅವರು ವೆಲ್ಡಿಂಗ್ ತೊರೆದು ಹಾಡುಗಾರಿಕೆಯನ್ನೇ ಆರಿಸಿಕೊಂಡರು. ಅದೇ ಬಡಾವಣೆಯ ಹಿರಿಯ ಗಾಯಕ ಜೋ ಹಿಗ್ಸ್ ಅವರಿಗೆ ಹಾಡುಗಾರಿಕೆಯ ಪಾಠ ಹೇಳಿಕೊಟ್ಟರು.

ಅವರ ಮೊದಲ ಧ್ವನಿಮುದ್ರಿಕೆ 1962ರಲ್ಲಿ ಹೊರಬಂದಿತು. 1963ರಲ್ಲಿ ಪೀಟರ್ ಟಾಷ್ ಮತ್ತು ಬನ್ನಿ ವೇಲರ್ ಮುಂತಾದವರೊಂದಿಗೆ ಸೇರಿ ಕಟ್ಟಿದ ವೇಲರ್ಸ್ ತಂಡವು ದ್ವೀಪದಲ್ಲಿ ಶೀಘ್ರವಾಗಿ ಹೆಸರು ಗಳಿಸಿತು. ಆದರೆ ಹಣ ಬರಲಿಲ್ಲ. 1966ರ ಫೆಬ್ರವರಿಯಲ್ಲಿ ರೀಟಾ ಅವರನ್ನು ವಿವಾಹವಾದ ಮಾರ್ಲಿಯವರು ಅದೇ ವರ್ಷ ಅಮೆರಿಕದ ಡೆಲವೇರ್‌ನಲ್ಲಿದ್ದ ತಾಯಿಯ ಬಳಿಗೆ ಹೋಗಿ ಕೆಲವು ತಿಂಗಳು ಮೋಟಾರು ಕಾರ್ಖಾನೆಯಲ್ಲಿ ದುಡಿದರು. ಲಂಡನ್ನಿನ ಐಲ್ಯಾಂಡ್ ರೆಕಾರ್ಡ್ಸ್ ಸಂಸ್ಥೆಯ ಕ್ರಿಸ್ ಬ್ಲ್ಯಾಕ್‌ವೆಲ್ 1973ರಲ್ಲಿ ಹೊರತಂದ ಕ್ಯಾಚ್ ಎ ಫೈರ್ ಎಂಬ ಧ್ವನಿಮುದ್ರಿಕೆಯಿಂದ ರೆಗೆ ಸಂಗೀತವು ದ್ವೀಪದಾಚೆಗೂ ಹರಡಿತು. ಬಡವರ, ದಬ್ಬಾಳಿಕೆಗೆ ಒಳಗಾದವರ ಪರವಾದ ಅವರ ಹಾಡುಗಳು ಆಫ್ರಿಕಾ ಮತ್ತು ಏಷ್ಯಾಗಳಲ್ಲಿಯೂ ಕೇಳಿಬಂದವು.

ಈ ಕೀರ್ತಿ ಅಪಾಯವನ್ನೂ ತಂದಿತು. ಜಮೈಕಾದ ಎರಡು ಪ್ರಮುಖ ರಾಜಕೀಯ ಪಕ್ಷಗಳ ನಡುವಣ ಹಿಂಸೆ ಉಲ್ಬಣಿಸಿದ್ದ 1976ರ ಡಿಸೆಂಬರ್ 3ರಂದು ಬಂದೂಕುಧಾರಿಗಳು ಅವರ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಮಾರ್ಲಿಯವರ ಎದೆ ಮತ್ತು ತೋಳಿಗೆ ಗಾಯವಾಯಿತು. ಪತ್ನಿ ಹಾಗೂ ವ್ಯವಸ್ಥಾಪಕರೂ ಗಾಯಗೊಂಡರು. ಎರಡೇ ದಿನಗಳಲ್ಲಿ ಅವರು ಗಾಯದೊಂದಿಗೇ ವೇದಿಕೆ ಹತ್ತಿ ಹಾಡಿದರು. ತರುವಾಯ ದೇಶ ಬಿಟ್ಟು ಲಂಡನ್ನಿಗೆ ತೆರಳಿದರು. ಅಲ್ಲಿ ಸಿದ್ಧವಾದ ಎಕ್ಸೋಡಸ್ ಧ್ವನಿಮುದ್ರಿಕೆ 1977ರ ಜೂನ್‌ನಲ್ಲಿ ಬಿಡುಗಡೆಯಾಯಿತು.

ಮಾರ್ಲಿಯವರಿಗೆ ಹಾಡಿನಷ್ಟೇ ಪ್ರಿಯವಾದುದು ಫುಟ್‌ಬಾಲ್. ಪ್ರವಾಸದಲ್ಲಿ ಯಾವ ಊರಿಗೆ ಹೋದರೂ ತಂಡದವರನ್ನು ಕಟ್ಟಿಕೊಂಡು ಮೈದಾನ ಹುಡುಕುವುದು ಅವರ ಪರಿಪಾಠವಾಗಿತ್ತು. 1977ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಅವರ ಬಲಗಾಲಿನ ಹೆಬ್ಬೆರಳಿಗೆ ಪೆಟ್ಟು ಬಿದ್ದು ಉಗುರು ಕಿತ್ತುಬಂದಿತು. ಅವರು ಬಟ್ಟೆ ಸುತ್ತಿಕೊಂಡು ಕಾರ್ಯಕ್ರಮಗಳನ್ನು ಮುಂದುವರಿಸಿದರು. ಗಾಯ ಮಾತ್ರ ಮಾಯಲಿಲ್ಲ.

ಬೆಂಗಳೂರಿನ ದಂಡು ಪ್ರದೇಶದ ನಿವಾಸಿಗಳಿಗೆ ಈ ಸನ್ನಿವೇಶವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಡಾ. ಅಂಬೇಡ್ಕರ್ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳೊಂದಿಗೆ ಬ್ರೆಜಿಲ್‌ನ ಆಟಗಾರ ಪೆಲೆಯವರ ಪ್ರತಿಮೆಯನ್ನೂ ಸ್ಥಾಪಿಸಲಾಗಿದೆ. ಆಸ್ಟಿನ್ ಟೌನ್‌ನಲ್ಲಿಯೂ ಮಕ್ಕಳು ಕ್ರಿಕೆಟ್‌ಗಿಂತ ಮೊದಲು ಕಾಲ್ಚೆಂಡನ್ನು ಕಲಿಯುತ್ತಾರೆ. ಬರಿಗಾಲಿನಲ್ಲಿ ಅಥವಾ ಬಿಗಿಯಾದ ಬೂಟಿನಲ್ಲಿ ಆಡುವವರ ಹೆಬ್ಬೆರಳ ಉಗುರು ಕಪ್ಪಾಗುವುದು ಅಲ್ಲಿ ದಿನನಿತ್ಯದ ಸಂಗತಿ. ಅದನ್ನು ರಕ್ತ ಕಟ್ಟಿದೆ ಎಂದು ಹೇಳಿ ಬಿಟ್ಟುಬಿಡುವುದು ರೂಢಿ. ನೂರರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೂ ಹೌದು.

ಮಾರ್ಲಿಯವರ ವಿಷಯದಲ್ಲಿ ಅದು ಸರಿಯಾಗಿರಲಿಲ್ಲ. 1977ರ ಜುಲೈನಲ್ಲಿ ವೈದ್ಯರು ಉಗುರಿನ ಅಡಿಯ ಅಂಗಾಂಶವನ್ನು ಪರೀಕ್ಷಿಸಿದಾಗ ಮೆಲನೋಮ ಇರುವುದು ಪತ್ತೆಯಾಯಿತು. ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಚೆಂಡಿನ ಪೆಟ್ಟಿನಿಂದ ಎರಡು ತಿಂಗಳಲ್ಲಿ ಕ್ಯಾನ್ಸರ್ ಹುಟ್ಟುವುದಿಲ್ಲ. ಪೆಟ್ಟು ಮಾಡಿದ ಹಾನಿ ಬೇರೆ ಬಗೆಯದು: ಮಾಯದ ಗಾಯಕ್ಕೆ ಅದು ಎಲ್ಲರೂ ಒಪ್ಪುವಂತಹ ಸಬೂಬನ್ನು ಒದಗಿಸಿತು.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಮೆಲನೋಮ ಎಂದು ಹೆಸರು. ಅದರಲ್ಲಿ ಅಂಗಾಲು, ಅಂಗೈ ಮತ್ತು ಉಗುರಿನ ಬುಡದಲ್ಲಿ ಬರುವ ಪ್ರಭೇದವನ್ನು ಅಮೆರಿಕದ ವೈದ್ಯ ರಿಚರ್ಡ್ ರೀಡ್ ಪ್ರತ್ಯೇಕವಾಗಿ ಗುರುತಿಸಿದ್ದು 1976ರಲ್ಲಿ, ಅಂದರೆ ಮಾರ್ಲಿಯವರ ಕಾಯಿಲೆ ಪತ್ತೆಯಾಗುವುದಕ್ಕೆ ಕೇವಲ ಒಂದು ವರ್ಷ ಮೊದಲು. ಈ ಪ್ರಭೇದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಭಾರತದಲ್ಲಿ ಮೆಲನೋಮ ವಿರಳವಾದ ಕಾಯಿಲೆ. ಆದರೆ ಬಂದವರಲ್ಲಿ ಗಣನೀಯ ಪಾಲು ಜನರಿಗೆ ಅದು ಬರುವುದು ಇದೇ ಜಾಗಗಳಲ್ಲಿ. ವಿರಳವೆಂಬ ಕಾರಣಕ್ಕೇ ಯಾರೂ ಅದನ್ನು ನಿರೀಕ್ಷಿಸುವುದಿಲ್ಲ, ಆದ್ದರಿಂದ ಆಸ್ಪತ್ರೆಗೆ ಬರುವುದೂ ತಡವಾಗುತ್ತದೆ.

ಕಟ್ಟಿದ ರಕ್ತಕ್ಕೂ ಈ ಕಾಯಿಲೆಗೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ಸ್ವಲ್ಪಮಟ್ಟಿಗೆ ಗಮನಿಸಬಹುದು. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಪೆಟ್ಟಿನಿಂದ ಕಟ್ಟಿದ ರಕ್ತವು ಉಗುರಿನೊಂದಿಗೆ ತುದಿಯ ಕಡೆಗೆ ಸಾಗುತ್ತದೆ, ಅದರ ಹಿಂದೆ ಬುಡದಲ್ಲಿ ಶುಭ್ರವಾದ ಉಗುರು ಕಾಣಿಸಿಕೊಳ್ಳುತ್ತದೆ. ಮೆಲನೋಮ ಹೀಗೆ ಸಾಗುವುದಿಲ್ಲ. ಅದು ಸಾಮಾನ್ಯವಾಗಿ ಉಗುರಿನ ಬುಡದಿಂದ ತುದಿಯವರೆಗೆ ಕಂದು ಅಥವಾ ಕಪ್ಪು ಪಟ್ಟಿಯಾಗಿ ಆರಂಭವಾಗುತ್ತದೆ. ದಿನ ಕಳೆದಂತೆ ಪಟ್ಟಿ ಅಗಲವಾಗುತ್ತದೆ, ಬುಡದ ಕಡೆ ಹೆಚ್ಚು ಅಗಲವಾಗುತ್ತದೆ, ಅಂಚು ಮಸುಕಾಗುತ್ತದೆ. ಕಪ್ಪು ಬಣ್ಣ ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೆ ಹರಡಿದ್ದರೆ ಅದು ಗಂಭೀರವಾದ ಸೂಚನೆ. ಇಂಗ್ಲೆಂಡಿನ ವೈದ್ಯ ಜೊನಾಥನ್ ಹಚಿನ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿದ್ದರು. ಮುಂದೆ ಉಗುರು ಸೀಳುವುದು, ಮೇಲೇಳುವುದು, ರಕ್ತ ಅಥವಾ ನೀರು ಒಸರುವುದು ಕಾಣುತ್ತದೆ. ಕೈಯ ಮತ್ತು ಕಾಲಿನ ಹೆಬ್ಬೆರಳುಗಳಲ್ಲಿ ಇದು ಹೆಚ್ಚು.

ನಮ್ಮ ಮೈಬಣ್ಣದವರಲ್ಲಿ ಹಲವು ಉಗುರುಗಳ ಮೇಲೆ ತೆಳುವಾದ ಕಂದು ಗೆರೆಗಳು ಇರುವುದು ಸಹಜ, ಅದಕ್ಕೆ ಗಾಬರಿ ಬೇಡ. ವಯಸ್ಕರಲ್ಲಿ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿದ, ಬದಲಾಗುತ್ತಿರುವ ಗೆರೆಯನ್ನು ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಕೆಲವೊಮ್ಮೆ ಕಪ್ಪು ಬಣ್ಣವೇ ಇರುವುದಿಲ್ಲ. ಗುಲಾಬಿ ಬಣ್ಣದ ದುರ್ಮಾಂಸದಂತೆ ಬೆಳೆಯುತ್ತದೆ. ಅದನ್ನು ಉಗುರುಸುತ್ತು ಎಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಅಂಗಾಲಿನಲ್ಲಿ ಬಂದರೆ ಆಣಿ ಎಂದುಕೊಂಡು ಬ್ಲೇಡಿನಿಂದ ಕೊಯ್ದುಕೊಳ್ಳುವುದುಂಟು, ಇದು ಸರ್ವಥಾ ಕೂಡದು. ಗೋರಂಟಿ ಮತ್ತು ಉಗುರುಬಣ್ಣ ಕಲೆಯನ್ನು ಮರೆಮಾಡುವುದರಿಂದ ಅವನ್ನು ತೆಗೆದ ದಿನ ಉಗುರುಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಲೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ದಿನಾಂಕಸಹಿತ ತೆಗೆದಿಟ್ಟುಕೊಂಡರೆ ಬದಲಾವಣೆಯನ್ನು ವೈದ್ಯರಿಗೆ ತೋರಿಸಲು ಅನುಕೂಲ. ಮೆಲನೋಮವಲ್ಲದ ಬೇರೆ ಚರ್ಮದ ಕ್ಯಾನ್ಸರ್‌ಗಳೂ ಅನಿರೀಕ್ಷಿತ ಜಾಗಗಳಲ್ಲಿ ಬರುತ್ತವೆ: ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಎದ್ದ ಹುಣ್ಣು, ಹಾಗೂ ಲಂಗದ ಲಾಡಿಯನ್ನು ವರ್ಷಾನುಗಟ್ಟಲೆ ಬಿಗಿಯಾಗಿ ಕಟ್ಟಿದ ಸೊಂಟದಲ್ಲಿ ಮಾಯದ ಹುಣ್ಣು ಇವುಗಳಿಗೆ ಉದಾಹರಣೆ.

ಲಂಡನ್ನಿನ ವೈದ್ಯರು ಮಾರ್ಲಿಯವರಿಗೆ ಬೆರಳನ್ನು ತೆಗೆಸಿಕೊಳ್ಳುವಂತೆ ಸಲಹೆ ನೀಡಿದರು. ಅವರು ಒಪ್ಪಲಿಲ್ಲ. ಅವರು ಅನುಸರಿಸುತ್ತಿದ್ದ ರಾಸ್ತಫಾರಿ ಧರ್ಮದ ನಂಬಿಕೆಯಂತೆ ಶರೀರವನ್ನು ಛೇದಿಸುವುದು ಸಲ್ಲದು. ಅಲ್ಲದೆ ವೇದಿಕೆಯ ಮೇಲೆ ಕುಣಿಯುತ್ತ ಹಾಡುವ ಕಲಾವಿದನಿಗೆ ಕಾಲಿನ ಹೆಬ್ಬೆರಳು ಸಣ್ಣ ವಿಷಯವಲ್ಲ. ಇದನ್ನು ಹಠವೆಂದು ಕರೆಯುವುದು ಸುಲಭ. ಆದರೆ ಬೆರಳು ಹೋದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಕೂಲಿ ಮಾಡುವವರಿಂದ ಹಿಡಿದು ಯಾರಿಗಾದರೂ ಸಹಜವೇ. ಕೊನೆಗೆ ಮಯಾಮಿಯಲ್ಲಿ ಉಗುರು ಹಾಗೂ ಅದರ ಅಡಿಯ ಅಂಗಾಂಶವನ್ನು ಮಾತ್ರ ತೆಗೆದು, ತೊಡೆಯ ಚರ್ಮವನ್ನು ಕಸಿ ಮಾಡಲಾಯಿತು. ಅಮೆರಿಕದ ಕಾರ್ಯಕ್ರಮಗಳು ರದ್ದಾದವು. ಗಾಯ ಮಾಯಿತು; ಕಾಯಿಲೆ ಮುಗಿಯಿತೆಂದು ಸುತ್ತಲಿನವರು ಭಾವಿಸಿದರು.

ಮುಂದಿನ ಮೂರು ವರ್ಷಗಳು ಅವರ ಜೀವನದ ಅತ್ಯಂತ ಪ್ರಸಿದ್ಧ ವರ್ಷಗಳು. 1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್‌ನಲ್ಲಿ ನಡೆದ ಶಾಂತಿ ಸಂಗೀತೋತ್ಸವದಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗ ಇವರಿಬ್ಬರನ್ನೂ ವೇದಿಕೆಗೆ ಕರೆದು ಅವರ ಕೈಗಳನ್ನು ಜೋಡಿಸಿ ಎತ್ತಿ ಹಿಡಿದರು. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ದೇಶದ ಸ್ವಾತಂತ್ರ್ಯೋತ್ಸವದಲ್ಲಿ ಹಾಡಿದರು. ಅದೇ ವರ್ಷ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಕ್ರೀಡಾಂಗಣದಲ್ಲಿ ಅವರ ಹಾಡು ಕೇಳಲು ಸುಮಾರು ಒಂದು ಲಕ್ಷ ಜನ ಸೇರಿದ್ದರು. ಹೊರಗಿನಿಂದ ನೋಡಿದವರಿಗೆ ಅವರು ಆರೋಗ್ಯವಂತರೇ. ಕಾಯಿಲೆ ಒಳಗೊಳಗೇ ಹರಡುತ್ತಿತ್ತು. ಮೆಲನೋಮ ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ನಿಯತವಾಗಿ ತಪಾಸಣೆಗೆ ಬರಬೇಕೆಂದು ವೈದ್ಯರು ಒತ್ತಾಯಿಸುವುದು ಈ ಕಾರಣದಿಂದಲೇ.

1980ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಓಡುತ್ತಿದ್ದಾಗ ಮಾರ್ಲಿಯವರು ಕುಸಿದುಬಿದ್ದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಮಿದುಳಿಗೆ ತಲುಪಿರುವುದು ತಿಳಿಯಿತು. ಶ್ವಾಸಕೋಶ ಮತ್ತು ಯಕೃತ್ತಿಗೂ ಅದು ಹರಡಿತ್ತು. ಎರಡು ದಿನಗಳ ನಂತರ ಪಿಟ್ಸ್‌ಬರ್ಗ್ ನಗರದಲ್ಲಿ ಅವರು ಹಾಡಿದ ಕಾರ್ಯಕ್ರಮವೇ ಕೊನೆಯದಾಯಿತು. ಚಿಕಿತ್ಸೆಯಿಂದಾಗಿ ಅವರ ಗುರುತೇ ಆಗಿದ್ದ ಜಡೆಗಟ್ಟಿದ ಕೂದಲು ಉದುರಿತು. ಕೊನೆಯ ತಿಂಗಳುಗಳನ್ನು ಜರ್ಮನಿಯಲ್ಲಿ ಜೋಸೆಫ್ ಇಸ್ಸೆಲ್ಸ್ ಎಂಬ ವೈದ್ಯರ ಪರ್ಯಾಯ ಚಿಕಿತ್ಸಾಲಯದಲ್ಲಿ ಕಳೆದರು, ಪ್ರಯೋಜನವಾಗಲಿಲ್ಲ. ಸ್ವದೇಶಕ್ಕೆ ಮರಳುವ ಹಾದಿಯಲ್ಲಿ ಸ್ಥಿತಿ ವಿಷಮಿಸಿ ಮಯಾಮಿಯಲ್ಲಿ ಇಳಿಯಬೇಕಾಯಿತು. ಅವರಿಗೆ ಜಮೈಕಾ ಸರ್ಕಾರ ಆರ್ಡರ್ ಆಫ್ ಮೆರಿಟ್ ಗೌರವ ನೀಡಿತ್ತು. ಮೇ 21ರಂದು ಸರ್ಕಾರಿ ಗೌರವದೊಂದಿಗೆ, ಹುಟ್ಟಿದ ಹಳ್ಳಿಯಲ್ಲಿಯೇ ಅವರ ಅಂತ್ಯಸಂಸ್ಕಾರ ನಡೆಯಿತು.

ಹರಡಿದ ಮೆಲನೋಮಕ್ಕೆ ಅಂದು ಪರಿಣಾಮಕಾರಿಯಾದ ಔಷಧ ಇರಲಿಲ್ಲ. 2011ರಿಂದ ಈಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನು ಬಳಸಿಕೊಳ್ಳುವ ಔಷಧಗಳು ಬಳಕೆಗೆ ಬಂದಿವೆ. ಆದರೆ ಅವು ದುಬಾರಿ, ಎಲ್ಲರಿಗೂ ಫಲಿಸುವುದಿಲ್ಲ. ಕಾಯಿಲೆ ಚರ್ಮದ ಮೇಲ್ಪದರದಲ್ಲಿಯೇ ಇರುವಾಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುತ್ತದೆ, ಬಹಳಷ್ಟು ಸಲ ಬೆರಳನ್ನೂ ಉಳಿಸಬಹುದು.

ನಗರದ ಪೂರ್ವ ಭಾಗದ ನಿವಾಸಿಗಳು ಇಂತಹ ಕಲೆ ಕಂಡುಬಂದಲ್ಲಿ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಬಹುದು. ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಅಥವಾ ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಯ ವೈದ್ಯರನ್ನು ಮೊದಲಿಗೆ ಕಂಡು ಅಲ್ಲಿಂದ ತಜ್ಞರಿಗೆ ಶಿಫಾರಸು ಪಡೆಯಲೂಬಹುದು. ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದು ಬಯಾಪ್ಸಿಯಿಂದ ಮಾತ್ರ ನಿರ್ಧಾರವಾಗುತ್ತದೆ. ಬೆರಳಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಸಣ್ಣ ಚೂರನ್ನು ತೆಗೆಯುವ ಈ ಪರೀಕ್ಷೆಯಿಂದ ಕಾಯಿಲೆ ಹರಡುತ್ತದೆ ಎಂಬ ಮಾತು ನಿಜವಲ್ಲ. ಕಾಯಿಲೆ ಖಚಿತವಾದಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆ ಲಭ್ಯವಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಆಸ್ಪತ್ರೆಗೆ ಬರುವಾಗ ಆಧಾರ್ ಮತ್ತು ಪಡಿತರ ಚೀಟಿಯನ್ನು, ಬೇರೆ ಆಸ್ಪತ್ರೆಯಿಂದ ಬರುವವರಾದರೆ ಅಲ್ಲಿನ ವೈದ್ಯರ ಶಿಫಾರಸು ಪತ್ರವನ್ನು ತರತಕ್ಕದ್ದು. ಉಗುರುಬಣ್ಣವನ್ನು ಮನೆಯಲ್ಲಿಯೇ ಅಳಿಸಿ, ಎರಡೂ ಕಾಲುಗಳನ್ನು ತೊಳೆದುಕೊಂಡು ಬಂದರೆ ವೈದ್ಯರಿಗೆ ಪರೀಕ್ಷಿಸಲು ಸುಲಭವಾಗುತ್ತದೆ.