ಬ್ರಾಂಡಿಸ್ ಕಟ್ಟಿದ ಇಲಾಖೆ, ಕಾಗದದಲ್ಲೇ ಉಳಿದ ಗ್ರಾಮ ಅರಣ್ಯ

ಅರಣ್ಯ ಹಕ್ಕಿನ ಅರ್ಜಿಗಳು ತಿರಸ್ಕಾರವಾದವು ಅಂತ ಸುದ್ದಿ ಓದಿದಾಗಲೆಲ್ಲ ನನಗೆ ಡೀಟ್ರಿಚ್ ಬ್ರಾಂಡಿಸ್ ನೆನಪಾಗ್ತಾನೆ. ನಮ್ಮ ದೇಶದ ಅರಣ್ಯ ಇಲಾಖೆಗೆ ಬುನಾದಿ ಹಾಕಿದವನು ಈ ಜರ್ಮನ್ ಸಸ್ಯಶಾಸ್ತ್ರಜ್ಞ.

ಹುಟ್ಟಿದ್ದು 1824ರಲ್ಲಿ, ಜರ್ಮನಿಯ ಬಾನ್ ನಗರದಲ್ಲಿ. ಅಲ್ಲೇ ಪಾಠ ಮಾಡಿಕೊಂಡಿದ್ದವನನ್ನು 1856ರಲ್ಲಿ ಬ್ರಿಟಿಷರು ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡು ನೋಡಿಕೊಳ್ಳಲು ಕರೆಸಿಕೊಂಡರು. ಎಷ್ಟು ಮರ ಕಡಿಯಬಹುದು ಅಂತ ಹೇಳಬೇಕಾದರೆ ಮೊದಲು ಎಷ್ಟಿವೆ ಅಂತ ಗೊತ್ತಿರಬೇಕಲ್ಲ? ಆನೆ ಮೇಲೆ ಕೂತು ಕಾಡು ಸುತ್ತಿದ. ಮರದ ಸುತ್ತಳತೆಗೆ ತಕ್ಕಂತೆ ಬೇರೆ ಬೇರೆ ಬಿದಿರಿನ ತುಂಡುಗಳ ಮೇಲೆ ಚಾಕುವಿನಿಂದ ಗೀಟು ಹಾಕುತ್ತಾ ಲೆಕ್ಕ ಹಿಡಿದ. ಕಾಡು ಕಡಿದು, ಸುಟ್ಟು ಬೇಸಾಯ ಮಾಡುತ್ತಿದ್ದ ಕರೆನ್ ಜನರನ್ನು ಓಡಿಸಲಿಲ್ಲ. ಅವರ ಬೆಳೆಯ ನಡುವೆಯೇ ತೇಗ ನೆಡಿಸಿದ. ಬೆಳೆದ ತೇಗ ಮಾತ್ರ ಸರ್ಕಾರದ ಪಾಲಾಯ್ತು.

ಆಗ ರೈಲು ಹಳಿಯ ದಿಮ್ಮಿಗಳಿಗಾಗಿ ಭಾರತದ ಕಾಡುಗಳು ಕರಗುತ್ತಿದ್ದವು. 1864ರಲ್ಲಿ ಬ್ರಾಂಡಿಸ್ ದೇಶದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ನಿಜವಾದ ಜಗಳ ನಡೆದದ್ದು 1878ರ ಅರಣ್ಯ ಕಾಯ್ದೆಯ ಹೊತ್ತಿಗೆ. ಜನ ಕಾಡು ಬಳಸಿಕೊಂಡು ಬಂದದ್ದು ಹಕ್ಕೇ ಅಲ್ಲ, ಬರೀ ರಿಯಾಯಿತಿ ಅಂತ ವಾದಿಸಿದವನು ಬೇಡನ್-ಪೊವೆಲ್ ಎಂಬ ಅಧಿಕಾರಿ. ಹಳ್ಳಿಗಳಿಗೂ ತಮ್ಮದೇ ಕಾಡು ಇರಬೇಕು ಅನ್ನೋದು ಬ್ರಾಂಡಿಸ್ ನಿಲುವು. ಕಾಯ್ದೆಯಲ್ಲಿ ಮೀಸಲು, ರಕ್ಷಿತ, ಗ್ರಾಮ ಅರಣ್ಯ ಅಂತ ಮೂರು ಬಗೆ ಬಂದವು. ಮೊದಲೆರಡು ಬೆಳೆದವು, ಮೂರನೆಯದು ಹೆಚ್ಚುಕಡಿಮೆ ಕಾಗದದಲ್ಲೇ ಉಳಿಯಿತು.

1883ರಲ್ಲಿ ನಿವೃತ್ತನಾಗಿ ಯುರೋಪಿಗೆ ಮರಳಿದ. ಆತನ ಮಾರ್ಗದರ್ಶನದಲ್ಲಿ ಕಲಿತ ಗಿಫರ್ಡ್ ಪಿಂಚೋ ಮುಂದೆ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥನಾದ. ಬ್ರಾಂಡಿಸ್ 1907ರಲ್ಲಿ ಬಾನ್‌ನಲ್ಲೇ ತೀರಿಕೊಂಡ.

ಆತನನ್ನು ಜನಪರ ನಾಯಕ ಅನ್ನೋಕೆ ನಾನು ತಯಾರಿಲ್ಲ. ಸಂಬಳ ಸಾಮ್ರಾಜ್ಯದ್ದು, ಕಡಿದ ಮರವೂ ಅದಕ್ಕೇ. ಆದರೆ ಒಂದು ಮಾತು ಸ್ಪಷ್ಟ: ಸರ್ಕಾರ ಆತನ ಲೆಕ್ಕವನ್ನು ಒಪ್ಪಿಕೊಂಡಿತು, ಹಳ್ಳಿಯ ಮಾತನ್ನು ಬಿಟ್ಟುಬಿಟ್ಟಿತು. 1927ರ ಕಾಯ್ದೆಯೂ ಅದೇ ಚೌಕಟ್ಟಿನಲ್ಲಿ ನಡೆಯಿತು. ಸಮುದಾಯದ ಹಕ್ಕನ್ನು ಕಾನೂನು ದೇಶದಾದ್ಯಂತ ಒಪ್ಪಲು 2006 ಬರಬೇಕಾಯ್ತು. ಇವತ್ತಿಗೂ ಕಾಡು ಉಳಿಸೋದು ಅಂದ್ರೆ ಜನರನ್ನು ಹೊರಗೆ ಹಾಕೋದು ಅಂದುಕೊಂಡವರಿದ್ದಾರೆ. ಅದು ವಿಜ್ಞಾನ ಹೇಳಿದ್ದಲ್ಲ, 1878ರಲ್ಲಿ ಗೆದ್ದವರು ಹೇಳಿದ್ದು.