ಅಮೀರಬಾಯಿ ತೆತ್ತ ಬೆಲೆ

ಜೀವನಾಂಶದ ತಗಾದೆಗಳಲ್ಲಿ ಕೇಳುವವಳು ಪತ್ನಿ, ಅಲ್ಲಗಳೆಯುವವನು ಪತಿ ಎಂಬುದು ರೂಢಿಯ ಗ್ರಹಿಕೆ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ಬದುಕಿನಲ್ಲಿ ಅದು ತಲೆಕೆಳಗಾಯಿತು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಮನೆಮಾತಾದ ಈ ಗಾಯಕಿ ಖಳನಟ ಹಿಮಾಲಯವಾಲಾನನ್ನು ವರಿಸಿದ್ದರು. ದುಡಿಮೆ ಅವರದು; ಹೊಡೆತ ತಿಂದವರೂ ಅವರೇ. ಪತ್ನಿಯ ಆಸ್ತಿಯನ್ನು ಪತಿ ಪರಭಾರೆ ಮಾಡುವುದೂ ಕ್ರೌರ್ಯವೆಂದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಸಾರಿತ್ತು. ಆದರೂ ಹಣ, ಕಾರು ತೆತ್ತೇ ಅವರು ವಿಚ್ಛೇದನ ಪಡೆಯಬೇಕಾಯಿತು. ಅರ್ಥಶಾಸ್ತ್ರ ಓದಿದ ನಾನು ಇದನ್ನು ಇತ್ಯರ್ಥವೆನ್ನಲಾರೆ, ಸುಲಿಗೆಯೆನ್ನುತ್ತೇನೆ. ದೇಶ ವಿಭಜನೆಯಾದ ಮೇಲೆ ಆತ ಪಾಕಿಸ್ತಾನ ಸೇರಿದ. ಅಮೀರಬಾಯಿ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾರನ್ನು ಮದುವೆಯಾದರು. 1965ರ ಮಾರ್ಚ್ 3ರಂದು ತೀರಿಕೊಂಡರು. ವಿಜಾಪುರದ ಅಮೀರ್ ಟಾಕೀಸು ಅವರ ಗಳಿಕೆಯಲ್ಲಿ ಎದ್ದದ್ದು.