ಲೈಬ್ನಿಜ್ ಮತ್ತು ಕ್ರೈಸ್ತ ಪಂಥಗಳ ಸಂವಾದ: ಶ್ರದ್ಧೆ, ಸತ್ಯ ಹಾಗೂ ಭಿನ್ನಮತ

ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಜ್ (1646-1716) ಕಲನಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬನೆಂದೂ ಚಿದಣುವಾದವನ್ನು ಮಂಡಿಸಿದ ದಾರ್ಶನಿಕನೆಂದೂ ಸುಪರಿಚಿತನಾಗಿದ್ದಾನೆ. ಅವನ ಬದುಕಿನ ಮೂರು ದಶಕಗಳಿಗೂ ಹೆಚ್ಚಿನ ಕಾಲವನ್ನು ವ್ಯಾಪಿಸಿದ್ದ ಇನ್ನೊಂದು ಉದ್ಯೋಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಪಂಥಗಳ ನಡುವಣ ಬಿರುಕನ್ನು ವಾದ-ಸಂವಾದಗಳ ಮೂಲಕ ಮುಚ್ಚುವ ಯತ್ನವೇ ಅದು. ಈ ಯತ್ನವು ಫಲಿಸಲಿಲ್ಲ. ಆದರೆ ಅದು ಏಕೆ ಫಲಿಸಲಿಲ್ಲ ಎಂಬುದನ್ನು ಪರಿಶೀಲಿಸಿದಾಗ, ಸತ್ಯನಿಷ್ಠೆಯುಳ್ಳ ಇಬ್ಬರು ಪರಸ್ಪರ ಗೌರವದಿಂದ ಎಷ್ಟು ದೂರ ಸಾಗಬಲ್ಲರು, ಎಲ್ಲಿ ನಿಲ್ಲಬೇಕಾಗುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟವಾದ ನಿದರ್ಶನವೊಂದು ದೊರೆಯುತ್ತದೆ.

ಲೈಬ್ನಿಜ್ ಹುಟ್ಟಿದ್ದು 1646ರಲ್ಲಿ, ಲೂಥರನ್ ಪಂಥದ ಪ್ರಬಲ ನೆಲೆಯಾಗಿದ್ದ ಲೈಪ್ಜಿಗ್ ನಗರದಲ್ಲಿ. ಜರ್ಮನಿಯನ್ನು ಛಿದ್ರಗೊಳಿಸಿದ್ದ ಮೂವತ್ತು ವರ್ಷಗಳ ಯುದ್ಧವು ವೆಸ್ಟ್‌ಫಾಲಿಯಾ ಒಪ್ಪಂದದಿಂದ ಕೊನೆಗೊಂಡದ್ದು 1648ರಲ್ಲಿ. ತಂದೆ ಫ್ರೀಡ್ರಿಕ್ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಮಗನಿಗೆ ಆರು ವರ್ಷ ತುಂಬಿದ ವರ್ಷದಲ್ಲಿಯೇ ಅವನು ತೀರಿಕೊಂಡನು. ತಂದೆಯ ಗ್ರಂಥಭಂಡಾರವೇ ಬಾಲಕನ ನಿಜವಾದ ಪಾಠಶಾಲೆಯಾಯಿತು. ಎರಡೂ ಪಂಥಗಳ ವಾದಗ್ರಂಥಗಳನ್ನು ಎಳೆಯ ವಯಸ್ಸಿನಲ್ಲೇ ಓದಿಕೊಂಡ ಅವನಿಗೆ ಎದುರುಪಕ್ಷದ ಮಾತನ್ನು ಅದರದೇ ನೆಲೆಯಿಂದ ಗ್ರಹಿಸುವ ಅಭ್ಯಾಸ ಬೆಳೆಯಿತು.

ನ್ಯಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಂತರ ಲೈಬ್ನಿಜ್ ಸೇರಿದ್ದು ಮೈಂಜ್‌ನ ಆಸ್ಥಾನವನ್ನು. ಅಲ್ಲಿನ ಪ್ರಭು ಯೋಹಾನ್ ಫಿಲಿಪ್ ಫಾನ್ ಶ್ಯೋನ್‌ಬೋರ್ನ್ ಕ್ಯಾಥೊಲಿಕ್ ಮಹಾಧರ್ಮಾಧ್ಯಕ್ಷನಾಗಿದ್ದನು. ಲೈಬ್ನಿಜ್‌ನ ಆಶ್ರಯದಾತನಾದ ಬಾಯ್ನೆಬುರ್ಗ್ ಲೂಥರನ್ ಮತವನ್ನು ತೊರೆದು ಕ್ಯಾಥೊಲಿಕನಾದವನು. ಹೀಗೆ ಅನ್ಯಪಂಥೀಯರ ನಡುವೆ, ಅವರ ವಿಶ್ವಾಸಕ್ಕೆ ಪಾತ್ರನಾಗಿ, ತನ್ನ ಪಂಥವನ್ನು ಬಿಡದೆ ಬದುಕುವ ಪಾಠ ಅವನಿಗೆ ಇಪ್ಪತ್ತರ ಹರೆಯದಲ್ಲೇ ಆಯಿತು. ದೇವರ ಅಸ್ತಿತ್ವ, ಆತ್ಮದ ಅಮರತ್ವ, ಕ್ರೈಸ್ತ ರಹಸ್ಯಗಳ ಸಾಧ್ಯತೆ, ಧರ್ಮಸಭೆಯ ಹಾಗೂ ಧರ್ಮಗ್ರಂಥದ ಅಧಿಕಾರ ಎಂಬ ನಾಲ್ಕು ಭಾಗಗಳ ಬೃಹತ್ ಗ್ರಂಥವೊಂದರ ಯೋಜನೆ ಈ ಅವಧಿಯದು. ಎರಡೂ ಪಂಥಗಳು ಒಪ್ಪಬಹುದಾದ ತಾರ್ಕಿಕ ತಳಹದಿಯನ್ನು ನಿರ್ಮಿಸುವುದು ಅದರ ಉದ್ದೇಶವಾಗಿತ್ತು. ಗ್ರಂಥ ಪೂರ್ಣಗೊಳ್ಳದಿದ್ದರೂ ಉದ್ದೇಶ ಅವನನ್ನು ಬಿಡಲಿಲ್ಲ.

ಪ್ಯಾರಿಸ್ ವಾಸದ (1672-76) ಬಳಿಕ ಅವನು ಹ್ಯಾನೋವರ್‌ನಲ್ಲಿ ನೆಲೆಸಿದನು. ಲೂಥರನ್ ಪ್ರಜೆಗಳನ್ನು ಆಳುತ್ತಿದ್ದ ಡ್ಯೂಕ್ ಯೋಹಾನ್ ಫ್ರೀಡ್ರಿಕ್ ಸ್ವತಃ ಕ್ಯಾಥೊಲಿಕನಾಗಿದ್ದನು. 1679ರಲ್ಲಿ ಅವನು ನಿಧನ ಹೊಂದಿದ ಮೇಲೆ ಲೂಥರನ್ನನಾದ ತಮ್ಮ ಎರ್ನ್‌ಸ್ಟ್ ಆಗಸ್ಟ್ ಪಟ್ಟಕ್ಕೆ ಬಂದನು. ಸಾಮ್ರಾಟನ ಬೆಂಬಲದೊಡನೆ ಪಂಥಗಳ ಐಕ್ಯಕ್ಕಾಗಿ ಜರ್ಮನ್ ರಾಜ್ಯಗಳಲ್ಲಿ ಸಂಚರಿಸುತ್ತಿದ್ದ ಫ್ರಾನ್ಸಿಸ್ಕನ್ ಧರ್ಮಾಧ್ಯಕ್ಷ ಸ್ಪಿನೋಲಾ ಹ್ಯಾನೋವರ್‌ಗೆ ಬಂದಾಗ, ಲೋಕುಮ್ ಮಠದ ಲೂಥರನ್ ಮುಖ್ಯಸ್ಥನಾದ ಮೊಲಾನುಸ್‌ನ ನೇತೃತ್ವದಲ್ಲಿ 1683ರಲ್ಲಿ ಮಾತುಕತೆಗಳು ನಡೆದವು. ಮೊದಲು ಒಂದುಗೂಡಿ, ಉಳಿದ ವಿವಾದಗಳನ್ನು ಮುಂದೆ ಎರಡೂ ಕಡೆಯವರು ಕುಳಿತುಕೊಳ್ಳುವ ಹೊಸ ಮಹಾಸಭೆಗೆ ಬಿಡುವುದು ಈ ಯೋಜನೆಯ ತಿರುಳು. ಲೈಬ್ನಿಜ್ ಇದರ ದೃಢ ಸಮರ್ಥಕನಾದನು.

ಇದೇ ಕಾಲದಲ್ಲಿ, ಕ್ಯಾಥೊಲಿಕನಾಗಿ ಪರಿವರ್ತನೆ ಹೊಂದಿದ್ದ ಲ್ಯಾಂಡ್‌ಗ್ರಾಫ್ ಎರ್ನ್‌ಸ್ಟ್ ಫಾನ್ ಹೆಸ್ಸೆನ್-ರೈನ್‌ಫೆಲ್ಸ್ ಲೈಬ್ನಿಜ್‌ನನ್ನು ಮತಾಂತರಕ್ಕೆ ಸ್ನೇಹಪೂರ್ವಕವಾಗಿ ಒತ್ತಾಯಿಸುತ್ತಿದ್ದನು. 1684ರಲ್ಲಿ ಲೈಬ್ನಿಜ್ ಅವನಿಗೆ ಕೊಟ್ಟ ಉತ್ತರ ಗಮನಾರ್ಹವಾದುದು. ತಾನು ಆ ಧರ್ಮಸಭೆಯಲ್ಲಿ ಹುಟ್ಟಿದ್ದರೆ ಅಲ್ಲಿಯೇ ಉಳಿಯುತ್ತಿದ್ದೆನೆಂದೂ, ಆದರೆ ಹೊರಗೆ ಹುಟ್ಟಿದವನು ಒಳಗೆ ಬರುವಾಗ ತನ್ನ ಅಭಿಪ್ರಾಯಗಳನ್ನು ಮರೆಮಾಚಿಕೊಂಡು ಬರುವುದು ಪ್ರಾಮಾಣಿಕತೆಗೆ ಹೊಂದದೆಂದೂ ಅವನ ನಿಲುವು. ತಾನು ಸತ್ಯವೆಂದು ನಂಬಿದ ಕೆಲವು ತಾತ್ತ್ವಿಕ ವಿಚಾರಗಳು ಅಲ್ಲಿ ಖಂಡನೆಗೆ ಒಳಗಾಗಬಹುದೆಂಬ ಅಳುಕು ಅವನಿಗಿತ್ತು. ನಂಬಿಕೆಯು ಇಚ್ಛೆಯ ಆಜ್ಞೆಗೆ ಒಳಪಡುವುದಿಲ್ಲ. ಕಾರಣಗಳು ಮನಸ್ಸಿಗೆ ಒಪ್ಪಿಗೆಯಾಗದೆ ಬಾಯಿ ಒಪ್ಪುವುದು ಸುಳ್ಳಾಗುತ್ತದೆ ಎಂಬುದು ಈ ಉತ್ತರದ ಹಿಂದಿನ ತತ್ತ್ವ.

ಎದುರುಪಕ್ಷವನ್ನು ಅರಿಯುವುದರಲ್ಲಿ ಅವನು ತೋರಿದ ಶ್ರಮವೂ ಅಷ್ಟೇ ಗಮನಾರ್ಹ. ಲೇಖಕನು ಯಾವ ಪಂಥದವನೆಂದು ತಿಳಿಯದಂತೆ ಕ್ಯಾಥೊಲಿಕ್ ಸಿದ್ಧಾಂತಗಳ ನಿರೂಪಣೆಯೊಂದನ್ನು ಬರೆದು, ಅದು ರೋಮಿಗೆ ಸಹ್ಯವೇ ಎಂದು ಪರೀಕ್ಷಿಸಬೇಕೆಂಬ ಆಲೋಚನೆ ಅವನದಾಗಿತ್ತು. ಸುಮಾರು 1686ರಲ್ಲಿ ರಚಿತವಾದ ಅಂತಹ ಹಸ್ತಪ್ರತಿಯೊಂದು ಮುದ್ರಣ ಕಂಡದ್ದು 1819ರಲ್ಲಿ. ಪೂರ್ವಪಕ್ಷವನ್ನು ಅದರಲ್ಲಿ ಎಷ್ಟು ಸಹಾನುಭೂತಿಯಿಂದ ಮಂಡಿಸಲಾಗಿತ್ತೆಂದರೆ, ಲೈಬ್ನಿಜ್ ಗುಟ್ಟಾಗಿ ಕ್ಯಾಥೊಲಿಕನಾಗಿದ್ದನೆ ಎಂಬ ವಿವಾದವೇ ಹುಟ್ಟಿಕೊಂಡಿತು.

1686ರಲ್ಲಿ ಲ್ಯಾಂಡ್‌ಗ್ರಾಫನ ಮೂಲಕ ಅವನು ತನ್ನ ತತ್ತ್ವಮೀಮಾಂಸೆಯ ಸಾರಾಂಶವನ್ನು ಫ್ರೆಂಚ್ ಕ್ಯಾಥೊಲಿಕ್ ಚಿಂತಕ ಆಂತ್ವಾನ್ ಅರ್ನೋಗೆ ಕಳುಹಿಸಿದನು. ಅರ್ನೋ ಕಟುವಾಗಿ ಉತ್ತರಿಸಿ, ಇಂತಹ ಊಹೆಗಳನ್ನು ಬಿಟ್ಟು ಆತ್ಮೋದ್ಧಾರಕ್ಕಾಗಿ ಧರ್ಮಸಭೆಗೆ ಮರಳುವುದು ಲೇಸೆಂದನು. ಲೈಬ್ನಿಜ್‌ಗೆ ನೋವಾಯಿತಾದರೂ ಅವನು ವಾದವನ್ನು ಬಿಡಿಸಿ ವಿವರಿಸಿದನು. ಅರ್ನೋ ತನ್ನ ಒರಟುತನಕ್ಕೆ ಕ್ಷಮೆ ಕೋರಿದನು. ಆಮೇಲೆ ಬೆಳೆದ ಪತ್ರವ್ಯವಹಾರವು ಪಾಶ್ಚಾತ್ಯ ದರ್ಶನದ ಮುಖ್ಯ ಆಕರಗಳಲ್ಲಿ ಒಂದಾಗಿದೆ.

1689ರಲ್ಲಿ ಇಟಲಿಯ ಪ್ರವಾಸದಲ್ಲಿದ್ದಾಗ ವ್ಯಾಟಿಕನ್ ಗ್ರಂಥಾಲಯದ ಪಾಲಕನ ಹುದ್ದೆಯ ಸೂಚನೆ ಅವನಿಗೆ ಬಂದಿತು. ಮತಾಂತರ ಅದರ ನಿಬಂಧನೆಯಾಗಿತ್ತು. ಜೀವಮಾನವಿಡೀ ಗ್ರಂಥಗಳ ನಡುವೆ ಬದುಕಿದವನಿಗೆ ಇದಕ್ಕಿಂತ ದೊಡ್ಡ ಪ್ರಲೋಭನೆ ಇರಲಾರದು. ಲೈಬ್ನಿಜ್ ಅದನ್ನು ಒಪ್ಪಲಿಲ್ಲ.

ಮುಂದಿನ ಘಟ್ಟದ ಸಂವಾದಕ್ಕೆ ವೇದಿಕೆಯಾದದ್ದು ಒಂದು ಕುಟುಂಬ. ಎರ್ನ್‌ಸ್ಟ್ ಆಗಸ್ಟನ ಪತ್ನಿ ಸೋಫಿ ಪ್ರಾಟೆಸ್ಟೆಂಟಳು. ಅವಳ ಅಕ್ಕ ಲೂಯಿ ಹಾಲಂಡೀನ್ ಕ್ಯಾಥೊಲಿಕಳಾಗಿ ಫ್ರಾನ್ಸಿನ ಮೋಬ್ಯುಸೋನ್ ಮಠದ ಅಧಿಪತಿಯಾಗಿದ್ದಳು. ಈ ಸೋದರಿಯರ ಹಾಗೂ ಮಠದಲ್ಲಿದ್ದ ಮದಾಂ ದ ಬ್ರಿನೋನಳ ಮೂಲಕ ಲೈಬ್ನಿಜ್ 1690ರಿಂದ ಪೆಲ್ಲಿಸೋನ್ ಜೊತೆಗೂ, ಅನಂತರ ಮೋ ನಗರದ ಧರ್ಮಾಧ್ಯಕ್ಷ ಬೊಸ್ಸುಯೆ ಜೊತೆಗೂ ಪತ್ರವ್ಯವಹಾರ ನಡೆಸಿದನು. ಯಾರು ಪಾಷಂಡಿ ಎಂಬುದು ಪೆಲ್ಲಿಸೋನ್ ಜೊತೆಗಿನ ಮುಖ್ಯ ಜಿಜ್ಞಾಸೆ. ಹಟದಿಂದಲ್ಲದೆ ಪ್ರಾಮಾಣಿಕವಾಗಿ ತಪ್ಪುವವನು ನಿಜಾರ್ಥದಲ್ಲಿ ಪಾಷಂಡಿಯಲ್ಲವೆಂದು ಕ್ಯಾಥೊಲಿಕ್ ಪಂಡಿತರೇ ಒಪ್ಪಿದ್ದಾರೆಂದು ಲೈಬ್ನಿಜ್ ವಾದಿಸಿದನು. ಹಾಗಾದರೆ ಎಲ್ಲ ಮತಗಳೂ ಸಮಾನವೆಂಬ ಉದಾಸೀನತೆಗೆ ದಾರಿಯಾಗುವುದೆಂಬುದು ಪೆಲ್ಲಿಸೋನ್‌ನ ಆತಂಕ. ಹ್ಯುಗೆನಾಟ್ ಆಗಿ ಹುಟ್ಟಿ 1670ರಲ್ಲಿ ಕ್ಯಾಥೊಲಿಕನಾಗಿದ್ದ ಅವನಿಗೆ ಇದು ಬರಿಯ ತಾರ್ಕಿಕ ಪ್ರಶ್ನೆಯಾಗಿರಲಿಲ್ಲ.

ಬೊಸ್ಸುಯೆ ಪ್ರಬಲ ಪ್ರತಿವಾದಿ. 1688ರಲ್ಲಿ ಪ್ರಕಟವಾದ, ಪ್ರಾಟೆಸ್ಟೆಂಟ್ ಪಂಥಗಳ ಮಾರ್ಪಾಟುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅವನು, ಸತ್ಯವು ಬದಲಾಗದು, ಮತ್ತೆ ಮತ್ತೆ ಬದಲಾಗುವುದೇ ಅಸತ್ಯದ ಗುರುತು ಎಂದು ಪ್ರತಿಪಾದಿಸಿದ್ದನು. ಲೈಬ್ನಿಜ್‌ನ ಮುಖ್ಯ ಕೋರಿಕೆ ಟ್ರೆಂಟ್ ಮಹಾಸಭೆಯ (1545-63) ನಿರ್ಣಯಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬೇಕು ಎಂಬುದಾಗಿತ್ತು. ಹದಿನೈದನೆಯ ಶತಮಾನದಲ್ಲಿ ಬಾಸೆಲ್ ಮಹಾಸಭೆಯು ಬೊಹೀಮಿಯಾದ ಹಸ್‌ಪಂಥೀಯರ ವಿಷಯದಲ್ಲಿ ಕಾನ್‌ಸ್ಟನ್ಸ್ ಮಹಾಸಭೆಯ ನಿರ್ಣಯವನ್ನು ಬದಿಗಿರಿಸಿದ್ದನ್ನು ಅವನು ಪೂರ್ವನಿದರ್ಶನವಾಗಿ ಒಡ್ಡಿದನು. ಬಾಸೆಲ್‌ನಲ್ಲಿ ನಡೆದದ್ದು ನಿರ್ಣಯದ ವಿವರಣೆಯೇ ಹೊರತು ನಿರಾಕರಣೆಯಲ್ಲವೆಂಬುದು ಬೊಸ್ಸುಯೆಯ ಉತ್ತರ. ಆಚರಣೆ ಹಾಗೂ ಶಿಸ್ತಿನ ವಿಷಯಗಳಲ್ಲಿ ಅವನು ರಿಯಾಯಿತಿಗೆ ಸಿದ್ಧನಿದ್ದನು. ಸಿದ್ಧಾಂತದ ನಿರ್ಣಯವನ್ನು ಒಮ್ಮೆ ಸಡಿಲಿಸಿದರೆ ಮುಂದಿನ ಮಹಾಸಭೆಯ ನಿರ್ಣಯಕ್ಕೂ ಬೆಲೆಯಿರದು ಎಂಬ ಅವನ ಆಕ್ಷೇಪ ತೂಕವುಳ್ಳದ್ದು.

1694ರ ಬಳಿಕ ನಿಂತಿದ್ದ ಚರ್ಚೆ 1699ರಲ್ಲಿ ಮರಳಿ ಆರಂಭವಾಗಿ 1702ರವರೆಗೆ ನಡೆಯಿತು. ಈ ಬಾರಿಯ ವಸ್ತು ಬೈಬಲಿನ ಅಂಗೀಕೃತ ಗ್ರಂಥಗಳ ಪಟ್ಟಿ. ಹೀಬ್ರೂ ಪಟ್ಟಿಯಲ್ಲಿಲ್ಲದ ಕೆಲವು ಹಳೆಯ ಒಡಂಬಡಿಕೆಯ ಗ್ರಂಥಗಳಿಗೆ ಟ್ರೆಂಟ್ 1546ರಲ್ಲಿ ಸಮಾನ ಪ್ರಾಮಾಣ್ಯವನ್ನು ನೀಡಿತ್ತು. ಸಂತ ಜೆರೋಮ್ ಮೊದಲಾದ ಪ್ರಾಚೀನರು ಈ ಭೇದವನ್ನು ಕಾಪಾಡಿದ್ದರೆಂದು ಲೈಬ್ನಿಜ್ ಇತಿಹಾಸದ ಆಧಾರಗಳಿಂದ ತೋರಿಸಿದನು. ಬದಲಾಗದಿರುವುದೇ ಸತ್ಯದ ಲಕ್ಷಣವಾದರೆ ಈ ಬದಲಾವಣೆಯನ್ನು ಹೇಗೆ ಸಮರ್ಥಿಸುವುದು ಎಂಬ ಪ್ರಶ್ನೆ ಬೊಸ್ಸುಯೆಯ ಅಳತೆಗೋಲನ್ನೇ ಅವನ ಕಡೆಗೆ ತಿರುಗಿಸಿತ್ತು. ಆಫ್ರಿಕದ ಪ್ರಾಚೀನ ಸಭೆಗಳು ಆ ಗ್ರಂಥಗಳನ್ನು ಅಂಗೀಕರಿಸಿದ್ದವೆಂದು ಬೊಸ್ಸುಯೆ ವಿಸ್ತಾರವಾಗಿ ಉತ್ತರಿಸಿದನು. ಆಧಾರಗಳನ್ನು ತೂಗಿ ನಿರ್ಣಯಿಸುವ ಅಧಿಕಾರ ಯಾರದು ಎಂಬಲ್ಲಿಗೆ ಬಂದಾಗ ಇಬ್ಬರೂ ನಿಂತರು.

ಈ ಸಂವಾದದ ಸುತ್ತಲಿನ ರಾಜಕೀಯವನ್ನು ಮರೆಯುವಂತಿಲ್ಲ. 1685ರಲ್ಲಿ ಹದಿನಾಲ್ಕನೆಯ ಲೂಯಿ ನಾಂಟ್ ಶಾಸನವನ್ನು ರದ್ದುಪಡಿಸಿದ್ದರಿಂದ ಸುಮಾರು 2 ಲಕ್ಷ ಹ್ಯುಗೆನಾಟರು ದೇಶ ಬಿಟ್ಟರು. ಆ ಕ್ರಮವನ್ನು ಬೊಸ್ಸುಯೆ ಬಹಿರಂಗವಾಗಿ ಕೊಂಡಾಡಿದ್ದನು. ಪತ್ರಗಳಲ್ಲಿನ ಸೌಜನ್ಯವು ಫ್ರಾನ್ಸಿನ ಸಾಮಾನ್ಯ ಪ್ರಾಟೆಸ್ಟೆಂಟನಿಗೆ ದೊರೆಯಲಿಲ್ಲ. ಹ್ಯಾನೋವರ್ ಕೂಡ ನಿಸ್ವಾರ್ಥಿಯಾಗಿರಲಿಲ್ಲ. 1701ರ ಶಾಸನದಿಂದ ಸೋಫಿ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಸಿಂಹಾಸನದ ಉತ್ತರಾಧಿಕಾರಿಯಾದ ಮೇಲೆ ರೋಮಿನೊಡನೆ ಐಕ್ಯದ ಮಾತು ಆಸ್ಥಾನಕ್ಕೆ ಬೇಡವಾಯಿತು. ಬೊಸ್ಸುಯೆ 1704ರಲ್ಲಿ ನಿಧನನಾದನು.

ಶ್ರದ್ಧೆ ಹಾಗೂ ವಿವೇಕಗಳ ಸಂಬಂಧವನ್ನು ಕುರಿತ ಪಕ್ವ ಚಿಂತನೆಯನ್ನು ಲೈಬ್ನಿಜ್ 1710ರ 'ಥಿಯೊಡಿಸಿ'ಯಲ್ಲಿ ಮಂಡಿಸಿದನು. ವಿವೇಕವನ್ನು ಮೀರಿದ್ದು ಬೇರೆ, ವಿವೇಕಕ್ಕೆ ವಿರುದ್ಧವಾದದ್ದು ಬೇರೆ. ಶ್ರದ್ಧೆಯ ರಹಸ್ಯಗಳು ಮೊದಲನೆಯ ವರ್ಗಕ್ಕೆ ಸೇರಬಹುದು, ಎರಡನೆಯದಕ್ಕೆ ಸೇರಲಾರವು ಎಂಬುದು ಅಲ್ಲಿನ ನಿಲುವು. ಎರಡು ಸತ್ಯಗಳು ಪರಸ್ಪರ ವಿರೋಧಿಸಲಾರವು ಎಂಬ ಈ ವಿಶ್ವಾಸವೇ ಅವನ ಸಂವಾದಗಳ ಬೆನ್ನೆಲುಬು.

ಆರಾಧನೆಯಲ್ಲಿ ವಿರಳವಾಗಿ ಭಾಗವಹಿಸುತ್ತಿದ್ದ ಅವನನ್ನು ಹ್ಯಾನೋವರ್‌ನ ಜನ ಯಾವುದನ್ನೂ ನಂಬದವನೆಂದು ಹಾಸ್ಯಮಾಡುತ್ತಿದ್ದರು. 1716ರ ನವೆಂಬರ್ 14ರಂದು ಅವನು ತೀರಿಕೊಂಡಾಗ ಅಂತ್ಯಕ್ರಿಯೆಗೆ ಆಸ್ಥಾನದ ಗಣ್ಯರು ಬರಲಿಲ್ಲ. ಕ್ಯಾಥೊಲಿಕರಿಗೆ ಅವನು ಒಳಬರದವನು. ಲೂಥರನ್ನರಿಗೆ ಪೂರ್ತಿ ತಮ್ಮವನಲ್ಲದವನು. ಸತ್ಯದ ವಿಷಯದಲ್ಲಿ ಸುಳ್ಳೊಪ್ಪಿಗೆ ಕೊಡಲಾರದ ನಿಲುವಿಗೆ ಅವನು ತೆತ್ತ ಬೆಲೆ ಇದು. ಅದೇ ಕಾರಣಕ್ಕಾಗಿ ಬೊಸ್ಸುಯೆ ಕೂಡ ಕೈಗೆಟುಕುವಂತಿದ್ದ ಐಕ್ಯವನ್ನು ಬಿಟ್ಟುಕೊಟ್ಟನೆಂಬುದನ್ನು ನ್ಯಾಯವಾಗಿ ಗುರುತಿಸಬೇಕಾಗುತ್ತದೆ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣ ಸಿದ್ಧಾಂತದ ಬಗೆಗೆ ಜಂಟಿ ಘೋಷಣೆಗೆ ಸಹಿಹಾಕಿದವು. ಮೂಲ ವಿಷಯಗಳಲ್ಲಿ ಸಹಮತವನ್ನು ಗುರುತಿಸಿ, ಉಳಿದ ಭೇದಗಳನ್ನು ಮರೆಮಾಚದೆ ದಾಖಲಿಸಿದ ಈ ಕ್ರಮವು ಲೈಬ್ನಿಜ್ ಬಯಸಿದ ವಿಧಾನಕ್ಕೆ ಹತ್ತಿರವಾದುದು. ಅವನನ್ನೂ ಬೊಸ್ಸುಯೆಯನ್ನೂ ತಡೆದು ನಿಲ್ಲಿಸಿದ ಅಂತಿಮ ಅಧಿಕಾರದ ಪ್ರಶ್ನೆ ಮಾತ್ರ ಎರಡು ಪಂಥಗಳ ನಡುವೆ ಇತ್ಯರ್ಥವಾಗದೆ ಉಳಿದುಕೊಂಡಿದೆ.